ಸ್ಟಾಪ್‌ವಾಚ್ ಹಿಡಿದು ಓಡಿದ ಪಾವೋ ನುರ್ಮಿ

ಓಡುವಾಗ ನಿಮಿಷಕ್ಕೊಮ್ಮೆ ವಾಚ್ ನೋಡ್ಕೊಳ್ಳೋದು ನಮ್ಮ ಕಾಲದ ಚಟ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಬೆಳಿಗ್ಗೆ ಕ್ಯಾಂಪಸ್ ಗ್ರೌಂಡಿಗೆ ಹೋದ್ರೆ ಹಾಗೆ ಅನ್ನಿಸೋದೂ ಸಹಜ. ಆದರೆ ನೂರು ವರ್ಷಗಳ ಹಿಂದೆಯೇ ಫಿನ್‌ಲ್ಯಾಂಡಿನ ಒಬ್ಬ ಓಟಗಾರ ಸ್ಟಾಪ್‌ವಾಚನ್ನು ಕೈಯಲ್ಲೇ ಹಿಡ್ಕೊಂಡು ಒಲಿಂಪಿಕ್ಸ್ ಫೈನಲ್ ಓಡಿದ್ದ. ಅವನ ಹೆಸರು ಪಾವೋ ನುರ್ಮಿ. ಒಲಿಂಪಿಕ್ಸ್‌ನಲ್ಲಿ ಒಟ್ಟು 9 ಚಿನ್ನ, 3 ಬೆಳ್ಳಿ. ಅಧಿಕೃತ ವಿಶ್ವದಾಖಲೆಗಳು 22.

ನುರ್ಮಿ ಹುಟ್ಟಿದ್ದು 1897ರ ಜೂನ್ 13ರಂದು, ತುರ್ಕು ಎಂಬ ಊರಿನಲ್ಲಿ. ಅಪ್ಪ ಬಡಗಿ. ಹುಡುಗನಿಗೆ 12 ವರ್ಷ ಆಗಿದ್ದಾಗ ಅಪ್ಪ ತೀರಿಕೊಂಡರು. ಮನೆಯ ಅಡುಗೆಕೋಣೆಯನ್ನು ಬಾಡಿಗೆಗೆ ಕೊಟ್ಟು, ಅಮ್ಮ ಮಕ್ಕಳೆಲ್ಲಾ ಒಂದೇ ರೂಮಿನಲ್ಲಿ ಇರಬೇಕಾಯ್ತು. ಓದಿನಲ್ಲಿ ಚುರುಕಾಗಿದ್ದ ಪಾವೋ ಶಾಲೆ ಬಿಟ್ಟು ಒಂದು ಬೇಕರಿಯಲ್ಲಿ ಕೆಲಸಕ್ಕೆ ಸೇರಿದ. ರೈಲ್ವೆ ಸ್ಟೇಷನ್ ಹತ್ತಿರದ ಏರು ರಸ್ತೆಯಲ್ಲಿ ಸಾಮಾನು ತುಂಬಿದ ಗಾಡಿಯನ್ನ ತಳ್ಳಬೇಕಿತ್ತು. ಕಾಲಿಗೆ ಬಲ ಬಂದದ್ದೇ ಆ ಗಾಡಿಯಿಂದ ಅಂತ ಅವನು ಮುಂದೆ ಹೇಳಿಕೊಳ್ತಿದ್ದ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಅದೇ ದೇಶದ ಹಾನ್ನೆಸ್ ಕೋಲೆಹ್ಮೈನೆನ್ ಗೆದ್ದ ಸುದ್ದಿ ಬಂದ ಕೆಲವೇ ದಿನಗಳಲ್ಲಿ 15ರ ಹುಡುಗ ತನ್ನ ಮೊದಲ ಓಟದ ಶೂ ಕೊಂಡ.

1920, ಆಂಟ್‌ವರ್ಪ್ ಒಲಿಂಪಿಕ್ಸ್. 5000 ಮೀಟರ್ ಫೈನಲ್‌ನಲ್ಲಿ ನುರ್ಮಿ ಮುಂದೆ ಓಡುತ್ತಿದ್ದ. ಕೊನೆಯಲ್ಲಿ ಫ್ರಾನ್ಸಿನ ಜೋಸೆಫ್ ಗಿಯ್ಮೋ ಹಿಂದಿನಿಂದ ಬಂದು ದಾಟಿಬಿಟ್ಟ. ಗಿಯ್ಮೋ 14:55.6, ನುರ್ಮಿ 15:00.0. ಅದೇ ಕೂಟದಲ್ಲಿ ಅವನಿಗೆ ಮೂರು ಚಿನ್ನವೂ ಬಂತು. ಬೇರೆಯವರಾಗಿದ್ರೆ ಆ ಬೆಳ್ಳಿಯನ್ನ ಮರೆತುಬಿಡ್ತಿದ್ರು. ಇವನು ಮರೆಯಲಿಲ್ಲ.

ಅಲ್ಲಿಯವರೆಗೆ ಅವನ ಓಟ ಹೇಗಿತ್ತಂದ್ರೆ, ಮೊದಲ ಲ್ಯಾಪ್‌ಗಳಲ್ಲಿ ಸಿಡಿಲಿನ ಹಾಗೆ ನುಗ್ಗೋದು, ಆಮೇಲೆ ಉಳಿದದ್ದರಲ್ಲಿ ಮುಗಿಸೋದು. ಸೋಲಿನ ನಂತರ ಕೈಗೆ ಸ್ಟಾಪ್‌ವಾಚ್ ಬಂತು. ಪ್ರತಿ ಲ್ಯಾಪಿಗೂ ನೋಡಿ, ಇಡೀ ದೂರಕ್ಕೆ ಶಕ್ತಿಯನ್ನ ಸಮನಾಗಿ ಹಂಚೋಕೆ ಶುರುಮಾಡಿದ. ಅದೇ ಸಮಯದಲ್ಲಿ ಹೆಲ್ಸಿಂಕಿಯ ಒಂದು ಇಂಡಸ್ಟ್ರಿಯಲ್ ಸ್ಕೂಲಿನಲ್ಲಿ ಸ್ಕಾಲರ್‌ಶಿಪ್ ಮೇಲೆ ಓದುತ್ತಲೂ ಇದ್ದ, ಅಂದ್ರೆ ಒಂಥರಾ ನಮ್ಮ ಕಡೆಯವನೇ! ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಫೀಡ್‌ಬ್ಯಾಕ್ ಲೂಪ್ ಅಂತ ತಕ್ಷಣ ಹೊಳೆಯುತ್ತೆ. ಬೇಕಾದ ಲ್ಯಾಪ್ ಟೈಮ್ ಒಂದು, ಆದ ಲ್ಯಾಪ್ ಟೈಮ್ ಇನ್ನೊಂದು, ವ್ಯತ್ಯಾಸ ನೋಡಿ ಮುಂದಿನ ಲ್ಯಾಪ್ ತಿದ್ದಿಕೊಳ್ಳೋದು.

ನನಗೆ ಇಷ್ಟವಾಗೋದು ಇಲ್ಲಿನ ಇನ್ನೊಂದು ಸೂಕ್ಷ್ಮ. ಮೊದಲ ಲ್ಯಾಪ್‌ನಲ್ಲಿ ಕಾಲು ಹಗುರವಾಗಿರುತ್ತೆ, ಉಸಿರು ಸಲೀಸು, ಸುತ್ತ ಜನರ ಕೂಗು. ಇನ್ನೂ ಜೋರಾಗಿ ಓಡು ಅಂತ ಮೈ ಹೇಳುತ್ತೆ. ಆದರೆ ಆಮ್ಲಜನಕದ ಪೂರೈಕೆಗೆ ಒಂದು ಮಿತಿ ಇದೆ. ಆ ಮಿತಿ ಮೀರಿ ಓಡಿದ್ದನ್ನ ದೇಹ ಸಾಲವಾಗಿ ಬರೆದಿಟ್ಟು ಕೊನೆಯ ಲ್ಯಾಪ್‌ಗಳಲ್ಲಿ ವಸೂಲಿ ಮಾಡುತ್ತೆ. ಈ ಸಾಲವನ್ನ ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ಎ. ವಿ. ಹಿಲ್ ಅಳೆಯುತ್ತಿದ್ದ, ಬೆನ್ನಿಗೆ ಚೀಲ ಕಟ್ಟಿಕೊಂಡು ಹುಲ್ಲುಹಾಸಿನ ಮೇಲೆ ತಾನೇ ಓಡಿ, ಬಿಟ್ಟ ಉಸಿರನ್ನ ಅದರಲ್ಲಿ ಹಿಡಿದು. ನಮ್ಮ ಸ್ಮಾರ್ಟ್‌ವಾಚ್ ತೋರಿಸೋ ವಿಓಟು ಮ್ಯಾಕ್ಸ್ ಅನ್ನೋ ಅಂಕಿಯ ಬೇರು ಇರೋದು ಆ ಕೆಲಸದಲ್ಲಿ. ನುರ್ಮಿಯ ಹತ್ತಿರ ಅಂಥ ಅಂಕಿ ಯಾವುದೂ ಇರಲಿಲ್ಲ. ಇದ್ದದ್ದು ಸೆಕೆಂಡ್ ಮಾತ್ರ. ನಾವು ವಾಚನ್ನ ಆಕ್ಸಿಲರೇಟರ್ ಥರ ಬಳಸ್ತೀವಿ. ಅವನಿಗೆ ಅದು ಹೆಚ್ಚಾಗಿ ಬ್ರೇಕ್ ಆಗಿತ್ತು.

ಹಾಗಂತ ಅವನ ತರಬೇತಿಯೆಲ್ಲಾ ಸರಿಯಾಗಿತ್ತು ಅಂತಲ್ಲ. ದಿನದ ಅಭ್ಯಾಸದಲ್ಲಿ ದೂರದ ನಡಿಗೆಗೇ ದೊಡ್ಡ ಪಾಲು. ವೇಗದ ಓಟ ಕಡಿಮೆಯಾಯ್ತು ಅಂತ ಅವನಿಗೇ ಎಷ್ಟೋ ವರ್ಷಗಳ ಮೇಲೆ ಅನ್ನಿಸಿತ್ತು. ಎಷ್ಟು ಹೊತ್ತಾಯ್ತು ಅಂತ ವಾಚ್ ಕರೆಕ್ಟಾಗಿ ಹೇಳುತ್ತೆ, ಇವತ್ತು ಏನು ಮಾಡಬೇಕು ಅನ್ನೋದನ್ನ ಹೇಳಲ್ಲ.

1923ರ ಹೊತ್ತಿಗೆ ಮೈಲಿ, 5000 ಮೀಟರ್, 10,000 ಮೀಟರ್, ಮೂರರ ವಿಶ್ವದಾಖಲೆಗಳೂ ಒಟ್ಟಿಗೇ ಅವನ ಹೆಸರಲ್ಲಿದ್ದವು. ಈ ಮೂರನ್ನ ಒಟ್ಟಿಗೆ ಹಿಡಿದ ಇನ್ನೊಬ್ಬ ಓಟಗಾರ ಇವತ್ತಿಗೂ ಇಲ್ಲ.

1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 1500 ಮತ್ತು 5000 ಮೀಟರ್ ಫೈನಲ್‌ಗಳು ಒಂದೇ ದಿನ ಬಿದ್ದವು, ನಡುವೆ ಸುಮಾರು ಒಂದು ಗಂಟೆ ಬಿಡುವು ಅಷ್ಟೇ. ನುರ್ಮಿ ಏನು ಮಾಡಿದ ಗೊತ್ತಾ? ಜೂನ್ 19ರಂದು ಹೆಲ್ಸಿಂಕಿಯಲ್ಲಿ ಎರಡೂ ದೂರಗಳನ್ನ ಅಷ್ಟೇ ಬಿಡುವಿನಲ್ಲಿ ಓಡಿ ನೋಡಿದ. 1500ಕ್ಕೆ 3:52.6, 5000ಕ್ಕೆ 14:28.2. ರಿಹರ್ಸಲ್ ಅಂದ್ಕೊಂಡು ಓಡಿದ್ದು, ಎರಡೂ ವಿಶ್ವದಾಖಲೆ!

ಜುಲೈ 10ರಂದು ಪ್ಯಾರಿಸ್‌ನಲ್ಲಿ 1500 ಮೀಟರನ್ನ 3:53.6ರಲ್ಲಿ ಗೆದ್ದ. ಕೊನೆಗೆ ನಿಧಾನ ಮಾಡಿಕೊಂಡು ಶಕ್ತಿ ಉಳಿಸಿಕೊಂಡ. ಆಮೇಲೆ 5000. ಅವನು ಸುಸ್ತಾಗಿದ್ದಾನೆ ಅಂತ ಲೆಕ್ಕ ಹಾಕಿ, ಅವನದೇ ದೇಶದ ವಿಲ್ಲೆ ರಿಟೋಲಾ ಮತ್ತು ಸ್ವೀಡನ್ನಿನ ಎಡ್ವಿನ್ ವಿಡೆ ಶುರುವಿನಲ್ಲೇ ಜೋರು ಮಾಡಿದ್ರು. ನುರ್ಮಿ ಅವರ ಹಿಂದೆ ಬೀಳಲಿಲ್ಲ. ಕೈಯಲ್ಲಿದ್ದ ವಾಚ್ ಹೇಳಿದ ವೇಗದಲ್ಲೇ ಓಡ್ತಾ ಅಂತರವನ್ನ ತುಂಬಿಕೊಂಡ. ಇನ್ನು ಇದು ಸಮಯದ ಜೊತೆಗಿನ ಓಟ ಅಲ್ಲ, ಮನುಷ್ಯನ ಜೊತೆಗಿನ ಓಟ ಅಂತ ಖಾತ್ರಿಯಾದಾಗ ವಾಚನ್ನ ಹುಲ್ಲಿನ ಮೇಲೆ ಎಸೆದ. ವಿಡೆ ಹಿಂದುಳಿದ. ಕೊನೆಯ ನೇರ ದಾರಿಯಲ್ಲಿ ರಿಟೋಲಾ ಪಕ್ಕದಿಂದ ನುಗ್ಗಿದ್ರೂ ನುರ್ಮಿ ಬಿಟ್ಟುಕೊಡಲಿಲ್ಲ. 14:31.2. ಗೆದ್ದದ್ದು ಸೆಕೆಂಡಿನ ಐದನೇ ಒಂದು ಭಾಗದಿಂದ.

ಎರಡು ದಿನ ಬಿಟ್ಟು ಭೀಕರ ಬಿಸಿಲಿನಲ್ಲಿ ಕ್ರಾಸ್‌ಕಂಟ್ರಿ ನಡೆಯಿತು. ಹೊರಟ 38 ಜನರಲ್ಲಿ ಮುಗಿಸಿದ್ದು 15 ಮಂದಿ, ಮೊದಲು ಬಂದದ್ದು ನುರ್ಮಿ. ಪ್ಯಾರಿಸ್‌ನಿಂದ ಒಟ್ಟು ಐದು ಚಿನ್ನ. 10,000ಕ್ಕೆ ಮಾತ್ರ ಫಿನ್‌ಲ್ಯಾಂಡಿನ ಅಧಿಕಾರಿಗಳು ಅವನನ್ನ ಇಳಿಸಲೇ ಇಲ್ಲ. ಆ ಸಿಟ್ಟು ಆಗಸ್ಟ್ 31ರಂದು ಕುವೊಪಿಯೊ ಊರಿನಲ್ಲಿ ತೀರಿತು ಅನ್ನಬಹುದು. ಅಲ್ಲಿ 10,000 ಮೀಟರ್ ಓಡಿದ್ದು 30:06.2ರಲ್ಲಿ. ನಮ್ಮ 400 ಮೀಟರ್ ಟ್ರ್ಯಾಕಿನ ಲೆಕ್ಕದಲ್ಲಿ 72 ಸೆಕೆಂಡಿನ ಲ್ಯಾಪ್, ಒಂದರ ಹಿಂದೆ ಒಂದು 25. ಆ ದಾಖಲೆ ಹೆಚ್ಚುಕಡಿಮೆ 13 ವರ್ಷ ನಿಂತಿತು.

1925ರಲ್ಲಿ ಅಮೆರಿಕದಲ್ಲಿ ಐದು ತಿಂಗಳು, 55 ಸ್ಪರ್ಧೆ. 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇನ್ನೊಂದು ಚಿನ್ನ, ಎರಡು ಬೆಳ್ಳಿ.

ಉಳಿದದ್ದು ಮ್ಯಾರಥಾನ್. 1932ರ ಜೂನ್‌ನಲ್ಲಿ, ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಮುಂಚೆ, 40.2 ಕಿಲೋಮೀಟರನ್ನ 2 ಗಂಟೆ 22 ನಿಮಿಷ 4 ಸೆಕೆಂಡಿನಲ್ಲಿ ಓಡಿದ. ಕ್ಯಾಲ್ಕುಲೇಟರ್ ತಗೊಳ್ಳಿ. ಕಿಲೋಮೀಟರಿಗೆ 3 ನಿಮಿಷ 32 ಸೆಕೆಂಡ್. ಪೂರ್ತಿ 42.195ಕ್ಕೆ ಅದೇ ವೇಗ ಹಿಡಿದರೆ 2:29:07. ಲಾಸ್ ಏಂಜಲಿಸ್‌ನಲ್ಲಿ ಅರ್ಜೆಂಟೀನಾದ ಝಬಾಲಾ ಗೆದ್ದದ್ದು 2:31:36ರಲ್ಲಿ. 5 ಕಿಲೋಮೀಟರ್ ಓಟ ನೋಡಿ ಮ್ಯಾರಥಾನ್ ಟೈಮ್ ಹೇಳೋ ಆ್ಯಪ್‌ಗಳಿಗಿಂತ ಈ ಲೆಕ್ಕ ಗಟ್ಟಿ, ಯಾಕಂದ್ರೆ ಊಹಿಸಬೇಕಾದದ್ದು ಕೊನೆಯ ಎರಡು ಕಿಲೋಮೀಟರ್ ಮಾತ್ರ. ಆದರೂ ಬೇರೆ ದಾರಿ, ಬೇರೆ ಹವೆ, ಬೇರೆ ಎದುರಾಳಿಗಳು. ಸಾಬೀತು ಮಾಡೋಕೆ ಅವನೇ ಓಡಬೇಕಿತ್ತು, ಅದಕ್ಕೆ ಅವಕಾಶ ಸಿಗಲಿಲ್ಲ. ಜರ್ಮನಿಯ ಸ್ಪರ್ಧೆಗಳಲ್ಲಿ ಪ್ರಯಾಣ ಖರ್ಚಿನ ಹೆಸರಲ್ಲಿ ಹೆಚ್ಚು ದುಡ್ಡು ತಗೊಂಡ ಅಂತ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಅವನನ್ನ ಅಮಾನತು ಮಾಡಿತು. ಒಲಿಂಪಿಕ್ಸ್ ಆಗ ಹವ್ಯಾಸಿಗಳಿಗೆ ಮಾತ್ರ. ಅಷ್ಟು ದೂರ ಹೋಗಿಯೂ ಓಡದೆ ವಾಪಸ್ ಬಂದ. ಇವತ್ತಿನ ಓಟಗಾರರ ಸ್ಪಾನ್ಸರ್‌ಶಿಪ್ ನೋಡಿದ್ರೆ ಆ ತೀರ್ಪು ತೀರಾ ಕ್ರೂರ ಅನ್ನಿಸುತ್ತೆ.

ಆಮೇಲೆ ಹೆಲ್ಸಿಂಕಿಯಲ್ಲಿ ಗಂಡಸರ ಬಟ್ಟೆ ಅಂಗಡಿ ಇಟ್ಟ, ಮನೆಗಳನ್ನ ಕಟ್ಟಿಸಿ ಶ್ರೀಮಂತನಾದ. ಮಾತು ಮೊದಲಿಂದಲೂ ಕಡಿಮೆ, ಪತ್ರಕರ್ತರಿಂದ ದೂರ. 1952ರಲ್ಲಿ ಒಲಿಂಪಿಕ್ಸ್ ಹೆಲ್ಸಿಂಕಿಗೇ ಬಂದಾಗ ಜ್ಯೋತಿ ಹಿಡಿದು ಸ್ಟೇಡಿಯಂ ಒಳಗೆ ಓಡಿ ಬಂದ 55ರ ಮನುಷ್ಯನನ್ನ ನೋಡಿ ಜನ ಎದ್ದು ನಿಂತರು. ವಯಸ್ಸಾದ ಮೇಲೆ ಹೃದಯದ ತೊಂದರೆ ಶುರುವಾಯ್ತು. 1968ರಲ್ಲಿ ಹೃದ್ರೋಗ ಸಂಶೋಧನೆಗಾಗಿ ತನ್ನ ದುಡ್ಡಿನಿಂದ ಒಂದು ಪ್ರತಿಷ್ಠಾನ ಕಟ್ಟಿದ. 1973ರ ಅಕ್ಟೋಬರ್ 2ರಂದು ತೀರಿಕೊಂಡಾಗ ಸಕಲ ಸರ್ಕಾರಿ ಗೌರವದೊಂದಿಗೆ ವಿದಾಯ ಹೇಳಿ, ಹುಟ್ಟೂರು ತುರ್ಕುವಿನಲ್ಲಿ ಮಣ್ಣು ಮಾಡಿದರು.