ಶಾಂತವೇರಿ ಗೋಪಾಲಗೌಡರು

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ಸೀಮೆಯು ಕನ್ನಡಕ್ಕೆ ಮಹಾಕವಿಯನ್ನು ಕೊಟ್ಟ ನೆಲವೆಂದು ನಾವೆಲ್ಲರೂ ಬಲ್ಲೆವು. ಅದೇ ತಾಲ್ಲೂಕಿನ ಆರಗದಲ್ಲಿ 1923ರಲ್ಲಿ ಬಡ ಒಕ್ಕಲಿಗ ಮನೆತನವೊಂದರಲ್ಲಿ ಶಾಂತವೇರಿ ಗೋಪಾಲಗೌಡರು ಜನಿಸಿದರು. ದೂರದ ದಹಿಸರಿನಲ್ಲಿ ಕುಳಿತು ಕನ್ನಡ ಕಲಿಯುತ್ತಿರುವ ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಅನೇಕರು ಈ ಹೆಸರನ್ನು ಕೇಳಿರಲಾರರೆಂದು ಭಾವಿಸಿ ಅವರ ಜೀವನವನ್ನು ಇಲ್ಲಿ ನಿರೂಪಿಸುತ್ತಿದ್ದೇವೆ.

1942ರಲ್ಲಿ ದೇಶದ ತುಂಬ ಚಲೇಜಾವ್ ಚಳವಳಿಯ ಕಿಚ್ಚು ಹಬ್ಬಿದಾಗ ತರುಣ ಗೋಪಾಲಗೌಡರು ಅದಕ್ಕೆ ಧುಮುಕಿ ಸೆರೆಮನೆ ಸೇರಿದರು. ಅದೇ ತಿಂಗಳುಗಳಲ್ಲಿ ನಮ್ಮ ಈ ಮುಂಬಯಿಯಲ್ಲಿ ಉಷಾ ಮೆಹತಾ ಮತ್ತು ಅವರ ಸಂಗಡಿಗರು ಪೋಲೀಸರ ಕಣ್ಣು ತಪ್ಪಿಸಿ ಗುಪ್ತ ರೇಡಿಯೋ ಕೇಂದ್ರವನ್ನು ನಡೆಸುತ್ತಿದ್ದರು, ಡಾ. ರಾಮಮನೋಹರ ಲೋಹಿಯಾ ಅದಕ್ಕೆ ಬೆಂಬಲವಾಗಿದ್ದರು. ಒಬ್ಬರು ಮಹಾನಗರದ ಭೂಗತ ನಾಯಕರು, ಇನ್ನೊಬ್ಬರು ಮಲೆನಾಡಿನ ಹುಡುಗ. ಒಂಬತ್ತು ವರ್ಷಗಳ ತರುವಾಯ ಇವರಿಬ್ಬರನ್ನೂ ಒಂದು ಸಣ್ಣ ಹಳ್ಳಿ ಕೂಡಿಸಿತು.

ಆ ಹಳ್ಳಿಯೇ ಸಾಗರ ತಾಲ್ಲೂಕಿನ ಕಾಗೋಡು. ಅಲ್ಲಿಯ ಗೇಣಿದಾರರಲ್ಲಿ ಬಹುಮಂದಿ ದೀವರು. ಅವರು ಉಳುವ ಭೂಮಿ ಒಡೆಯರದು. ಗೇಣಿಯ ಭತ್ತವನ್ನು ಒಡೆಯರಿಗೆ ಕೊಳಗದಿಂದ ಅಳೆದು ಕೊಡಬೇಕು. ಅಂಗಡಿಯ ತಕ್ಕಡಿಯನ್ನಷ್ಟೇ ಕಂಡ ನಗರವಾಸಿಗಳಾದ ನಮಗೆ ಕೊಳಗವೆಂಬುದು ಒಂದು ಹಳೆಯ ಪಾತ್ರೆ; ರೈತನಿಗಾದರೋ ಅದು ವರ್ಷದ ಅನ್ನ. ಒಡೆಯರ ಕೊಳಗವು ವಾಡಿಕೆಯ ಕೊಳಗಕ್ಕಿಂತ ದೊಡ್ಡದು! ನ್ಯಾಯವಾದ ಅಳತೆ ಬೇಕೆಂದು ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ರೈತಸಂಘ ಕೇಳಿತು. ಕೇಳಿದವರಿಗೆ ಭೂಮಿಯೇ ತಪ್ಪಿತು. 1951ರ ಏಪ್ರಿಲ್ ತಿಂಗಳಲ್ಲಿ ಸತ್ಯಾಗ್ರಹ ಆರಂಭವಾಯಿತು. ರೈತರು ತಂಡತಂಡವಾಗಿ ಗದ್ದೆಗಿಳಿದು ಬಂಧಿತರಾದರು. ಸಮಾಜವಾದಿ ಪಕ್ಷದ ಗೋಪಾಲಗೌಡರು ಈ ಹೋರಾಟವನ್ನು ತಮ್ಮದಾಗಿ ಮಾಡಿಕೊಂಡರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೂ ಬಂದು ಸೆರೆಯಾದರು.

ಸಮಾಜವಾದವನ್ನು ಯಾರು ಏತಕ್ಕಾಗಿ ಒಪ್ಪುತ್ತಾರೆಂಬುದನ್ನು ತಿಳಿಯಬೇಕಾದರೆ ಕಾಗೋಡನ್ನು ನೋಡಬೇಕು. ಗೇಣಿದಾರನು ಯಾವ ಗ್ರಂಥವನ್ನೂ ಓದಿ ಬಂದವನಲ್ಲ. ಅವನ ಅಂಗಳದಲ್ಲಿ ಅಳತೆ ತಪ್ಪಿತ್ತು, ತಲೆಯೆತ್ತಿ ನಿಲ್ಲುವ ಆಸೆಯೂ ಇದ್ದಿತು. ಗೋಪಾಲಗೌಡರು ದೀವರ ಕುಲದವರಲ್ಲ, ಕಾಗೋಡಿನ ಒಕ್ಕಲೂ ಅಲ್ಲ. ಪರರಿಗಾದ ಅನ್ಯಾಯ ಅವರಿಗೆ ಸಹನವಾಗಲಿಲ್ಲ. ಬ್ರಾಹ್ಮಣ ಮನೆತನದಲ್ಲಿ ಬೆಳೆದ ಯು. ಆರ್. ಅನಂತಮೂರ್ತಿಯಂಥ ವಿದ್ಯಾರ್ಥಿಗಳ ದಾರಿ ಮತ್ತೂ ಬೇರೆ. ಅವರಿಗೆ ಗೇಣಿಯ ಕಷ್ಟಕ್ಕಿಂತ ಜಾತಿಯ ಕಟ್ಟು ಹೆಚ್ಚಾಗಿ ಬಾಧಿಸುತ್ತಿದ್ದಿತು. ಜಾತಿಯೇ ಅಸಮಾನತೆಯ ಬೇರೆಂಬ ಲೋಹಿಯಾ ಅವರ ವಿಚಾರ ಅಂಥವರನ್ನು ಸೆಳೆಯಿತು. ರಾಜಕೀಯದಲ್ಲಿ ಮುಂದೆ ಬರಲು ಇದೊಂದು ಮೆಟ್ಟಿಲೆಂದು ಬಂದವರೂ ಇದ್ದಿರಬಹುದು. ಯಾವ ಚಳವಳಿಯೂ ಅಂಥವರಿಂದ ಮುಕ್ತವಲ್ಲ. ಕಾರಣಗಳು ಬೇರೆಯಾದರೂ ಇವರೆಲ್ಲ ಗೋಪಾಲಗೌಡರ ಸುತ್ತ ನಿಂತರು. ತಮಗಾಗಿ ಏನನ್ನೂ ಬಯಸದ ಮನುಷ್ಯನನ್ನು ಅನುಮಾನಿಸುವುದು ಯಾರಿಗೂ ಸುಲಭವಲ್ಲವಷ್ಟೆ.

1952ರ ಮೊದಲ ಮಹಾಚುನಾವಣೆಯಲ್ಲಿ ಕೈಯಲ್ಲಿ ಹಣವಿಲ್ಲದೆ ನಿಂತ ಅವರನ್ನು ಸಾಗರ-ಹೊಸನಗರದ ಜನ ವಿಧಾನಸಭೆಗೆ ಕಳುಹಿಸಿದರು. 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಇದೇ 1967ರಲ್ಲಿ ಮಂಗಳೂರಿನಿಂದ ಮುಂಬಯಿಗೆ ಬಂದು ಕಾರ್ಮಿಕರ ನಾಯಕರಾಗಿದ್ದ ಜಾರ್ಜ್ ಫರ್ನಾಂಡಿಸರು ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದರು. ಮಲೆನಾಡಿನ ಗದ್ದೆಯೂ ಮುಂಬಯಿಯ ಬೀದಿಯೂ ಒಂದೇ ವಿಚಾರಕ್ಕೆ ಮತ ಕೊಟ್ಟ ವರ್ಷವದು.

ಸಭೆಯಲ್ಲಿ ಗೌಡರ ಮಾತು ಬೆಂಕಿಯಂತಿದ್ದಿತು. ಭೂಮಿಯ ಪ್ರಶ್ನೆಯ ಜತೆಗೆ ಆಡಳಿತದಲ್ಲಿ ಕನ್ನಡವಿರಬೇಕೆಂದೂ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬೇಕೆಂದೂ ಅವರು ಹಟ ಹಿಡಿದರು. ರೈತನಿಗೆ ತಿಳಿಯದ ಭಾಷೆಯಲ್ಲಿ ಬರೆದ ಆಜ್ಞೆಯೂ ಅವರ ಕಣ್ಣಿಗೆ ಇನ್ನೊಂದು ದೊಡ್ಡ ಕೊಳಗವಾಗಿ ಕಂಡಿರಬೇಕು! ಅದೇ ಮನುಷ್ಯ ಗೋಪಾಲಕೃಷ್ಣ ಅಡಿಗರ ಕಾವ್ಯವನ್ನು ಪ್ರೀತಿಸುತ್ತಿದ್ದರು, ಸಂಗೀತಕ್ಕೆ ಮೈಮರೆಯುತ್ತಿದ್ದರು. ಅವರ ಬಾಳಿನ ನೆರಳು ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯಲ್ಲಿದೆ.

ಬಡತನವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ರೋಗವೂ ಅವರನ್ನು ಬಿಡಲಿಲ್ಲ. 1972ರ ಜೂನ್ ತಿಂಗಳಲ್ಲಿ, ಐವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಮರುವರ್ಷದ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ಕಾನೂನು ಜಾರಿಗೆ ಬಂದಿತು. ಗೇಣಿದಾರರು ತಾವು ಉಳುತ್ತಿದ್ದ ಗದ್ದೆಗೆ ಒಡೆಯರಾಗಲು ಅರ್ಜಿ ಹಿಡಿದು ಸಾಲುಗಟ್ಟಿ ನಿಂತಾಗ ಅದನ್ನು ಕಾಣಲು ಗೋಪಾಲಗೌಡರು ಇರಲಿಲ್ಲ.