ಸಹಕಾರಿ ಪಿತಾಮಹ ರೈಫೈಸನ್



ನಮ್ಮಂಥ ಸೊಸೈಟಿಗಳಿಗೆ ದಾರಿ ತೋರಿದ ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಅವರು 1818ರಲ್ಲಿ ಜರ್ಮನಿಯ ಹಾಮ್ ಎಂಬ ಊರಲ್ಲಿ ಹುಟ್ಟಿದರು. ಕಣ್ಣುಬೇನೆಯಿಂದ ಸೈನ್ಯ ಬಿಟ್ಟು, 1845ರಲ್ಲಿ ವೈಯರ್‌ಬುಷ್ ಸುತ್ತಿನ ಹಳ್ಳಿಗಳಿಗೆ ಮೇಯರ್ ಆದರು. 1846-47ರ ಬರಗಾಲದಲ್ಲಿ ಸರ್ಕಾರದ ಹಿಟ್ಟನ್ನು ಕಾಸಿಲ್ಲದ ಬಡವರಿಗೆ ಉದ್ರಿ ಕೊಟ್ಟರು. ಊರಿಗೆಲ್ಲ ಒಂದು ಒಲೆ ಕಟ್ಟಿಸಿ ಅಗ್ಗಕ್ಕೆ ಬ್ರೆಡ್ ಸಿಗುವಂತೆ ಮಾಡಿದರು. ನೆರೆಯವರನ್ನು ಪ್ರೀತಿಸಬೇಕೆಂಬ ಏಸುಸ್ವಾಮಿಯ ಬೋಧನೆಯನ್ನು ಅಧಿಕಾರದಲ್ಲಿದ್ದೂ ಮರೆಯಲಿಲ್ಲ.

1849ರಲ್ಲಿ ಫ್ಲಾಮರ್ಸ್‌ಫೆಲ್ಡ್‌ನಲ್ಲಿ ಉಳ್ಳವರ ಹೊಣೆಯ ಮೇಲೆ ಬಡ ರೈತರಿಗೆ ದನ ಕೊಡಿಸಿದರು. ಆದರೆ ಉಳ್ಳವರ ಧರ್ಮಬುದ್ಧಿ ಬಹಳ ದಿನ ಬಾಳಲಿಲ್ಲ. ಕೊರತೆ ಎಲ್ಲಿದೆ ಅಂತ ತಿಳಿದುಕೊಂಡ ಅವರು 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಸಾಲ ಪಡೆಯುವವರನ್ನೇ ಸದಸ್ಯರನ್ನಾಗಿ ಮಾಡಿ ಸಂಘ ಕಟ್ಟಿದರು. ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಲೆಕ್ಕ ಬರೆಯುವವನಿಗೆ ಬಿಟ್ಟರೆ ಆಡಳಿತದವರಿಗೆ ಸಂಬಳವಿಲ್ಲ. ಕಣ್ಣು ಮಂಜಾದರೂ ಮಗಳ ಕೈಯಲ್ಲಿ ಬರೆಸುತ್ತಾ, 1888ರಲ್ಲಿ ತೀರಿಕೊಳ್ಳುವ ತನಕ ಇದಕ್ಕೇ ದುಡಿದರು.

ಭಾರತದ 1904ರ ಸಹಕಾರಿ ಕಾಯಿದೆ ಹಳ್ಳಿ ಸಂಘಗಳಿಗೆ ಇವರ ಮಾದರಿಯನ್ನೇ ಹಿಡಿಯಿತು. ಮರುವರ್ಷ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು.

ಡೈರೆಕ್ಟರ್ ಆಗಿ ಕೂತ ನಾವು ಮೊದಲು ನಮ್ಮ ಸಾಲವನ್ನು ವಾಯಿದೆಗೆ ಕಟ್ಟೋಣ. ಆ ಹಣವೇ ಪಕ್ಕದ ಮನೆಯವನ ಬಿತ್ತನೆಗೆ ಆಗೋದು.