ಔಷಧ ಸುರಕ್ಷತೆಯ ಹರಿಕಾರ ಕರ್ನಲ್ ಸರ್ ರಾಮನಾಥ ಚೋಪ್ರಾ (1882–1973)

ಔಷಧಗಳ ತಯಾರಿಕೆ ಹಾಗೂ ಮಾರಾಟಕ್ಕೆ ಪರವಾನಗಿ ಕಡ್ಡಾಯವೆಂಬ ವ್ಯವಸ್ಥೆ ನಮ್ಮ ದೇಶದಲ್ಲಿ ರೂಪುಗೊಳ್ಳಲು ಶ್ರಮಿಸಿದವರಲ್ಲಿ ಕರ್ನಲ್ ಸರ್ ರಾಮನಾಥ ಚೋಪ್ರಾ ಅವರು ಅಗ್ರಗಣ್ಯರು. ಇವರನ್ನು ಭಾರತೀಯ ಔಷಧಶಾಸ್ತ್ರದ ಪಿತಾಮಹರೆಂದು ಗೌರವಿಸಲಾಗುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಶ್ರೀಯುತರು 1882ರ ಆಗಸ್ಟ್ 17ರಂದು, ಈಗ ಪಾಕಿಸ್ತಾನಕ್ಕೆ ಸೇರಿರುವ ಗುಜ್ರಾನ್‌ವಾಲಾದಲ್ಲಿ ಜನಿಸಿದರು. ಲಾಹೋರಿನಲ್ಲಿ ವ್ಯಾಸಂಗ ಮುಗಿಸಿ, ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ವೈದ್ಯಶಿಕ್ಷಣ ಪಡೆದರು. ಅಲ್ಲಿ ಔಷಧಶಾಸ್ತ್ರಜ್ಞ ವಾಲ್ಟರ್ ಡಿಕ್ಸನ್ ಅವರ ಮಾರ್ಗದರ್ಶನ ದೊರೆಯಿತು. 1908ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್‌ಗೆ ಸೇರಿದರು. 1921ರಲ್ಲಿ ಕಲ್ಕತ್ತೆಯ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿ ನೇಮಕಗೊಂಡರು.

ಔಷಧ ವಿಚಾರಣಾ ಸಮಿತಿ

ಆ ಕಾಲದಲ್ಲಿ ಮಲೇರಿಯಾಕ್ಕೆ ಕ್ವಿನೈನ್ ಮುಖ್ಯ ಔಷಧವಾಗಿತ್ತು. ಆದರೆ ಮಾರುಕಟ್ಟೆಯಲ್ಲಿ ಕಲಬೆರಕೆಯ ಹಾಗೂ ಸತ್ವಹೀನ ಕ್ವಿನೈನ್ ಸಹ ಮಾರಾಟವಾಗುತ್ತಿತ್ತು. ಔಷಧದಲ್ಲಿ ಸತ್ವವೇ ಇಲ್ಲದಿದ್ದಲ್ಲಿ, ವೈದ್ಯರು ಸರಿಯಾಗಿ ಬರೆದರೂ, ಶುಶ್ರೂಷಕರು ವೇಳೆಗೆ ಸರಿಯಾಗಿ ನೀಡಿದರೂ ಜ್ವರ ಇಳಿಯುವುದಿಲ್ಲ. ಪ್ರಮಾಣ ಹೆಚ್ಚಾದಲ್ಲಿ ಅದೇ ಕ್ವಿನೈನ್‌ನಿಂದ ಕಿವಿಯಲ್ಲಿ ಮೊರೆತ, ದೃಷ್ಟಿದೋಷ ಮೊದಲಾದ ತೊಂದರೆಗಳು ತಲೆದೋರುತ್ತವೆ. ಈ ಪರಿಸ್ಥಿತಿಯ ಪರಿಶೀಲನೆಗಾಗಿ 1930ರಲ್ಲಿ ಸರ್ಕಾರವು ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು.

ಸಮಿತಿಯು 1931ರಲ್ಲಿ ವರದಿ ಸಲ್ಲಿಸಿತು. ಇಡೀ ದೇಶಕ್ಕೆ ಅನ್ವಯಿಸುವ ಕಾನೂನು, ಪರೀಕ್ಷಾ ಪ್ರಯೋಗಾಲಯಗಳು, ಔಷಧ ವಿತರಕರಿಗೆ ತರಬೇತಿ ಮತ್ತು ನೋಂದಣಿ ಇವು ಅದರ ಪ್ರಮುಖ ಶಿಫಾರಸುಗಳಾಗಿದ್ದವು. ಇವುಗಳ ಫಲವಾಗಿ 1940ರ ಔಷಧ ಅಧಿನಿಯಮ ಹಾಗೂ 1948ರ ಫಾರ್ಮಸಿ ಅಧಿನಿಯಮ ಜಾರಿಗೆ ಬಂದವು. ಮೊದಲನೆಯದು ಈಗ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮವೆಂದು ಕರೆಯಲ್ಪಡುತ್ತದೆ.

ಸಂಶೋಧನೆ

ದೇಶೀಯ ಮೂಲಿಕೆಗಳನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ಬಳಸಬೇಕೆಂಬುದು ಇವರ ನಿಲುವಾಗಿತ್ತು. ಈ ಕುರಿತ ಇವರ ಗ್ರಂಥವು 1933ರಲ್ಲಿ ಪ್ರಕಟವಾಯಿತು. ಸರ್ಪಗಂಧದ ಬೇರಿಗೆ ರಕ್ತದೊತ್ತಡ ತಗ್ಗಿಸುವ ಗುಣವಿದೆಯೆಂದು ಇವರು ಸಹೋದ್ಯೋಗಿಗಳೊಡನೆ ವರದಿ ಮಾಡಿದರು. 1952ರಲ್ಲಿ ಅದೇ ಬೇರಿನಿಂದ ರೆಸರ್ಪಿನ್ ಎಂಬ ಔಷಧಾಂಶವನ್ನು ಪ್ರತ್ಯೇಕಿಸಲಾಯಿತು. ಅದನ್ನು ಸೇವಿಸಿದ ಕೆಲವು ರೋಗಿಗಳಲ್ಲಿ ಮಾನಸಿಕ ಖಿನ್ನತೆ ಕಂಡುಬಂದಿತು. ಗುಣಕಾರಿಯಾದ ಔಷಧಕ್ಕೂ ಅಡ್ಡಪರಿಣಾಮವಿರಬಹುದು ಎಂಬುದಕ್ಕೆ ಇದು ನಿದರ್ಶನ. ಪ್ರಯೋಗಾಲಯವು ಔಷಧದ ಶುದ್ಧತೆಯನ್ನು ದೃಢಪಡಿಸಬಲ್ಲದು. ಅದು ರೋಗಿಯ ಮೇಲೆ ಬೀರುವ ಪರಿಣಾಮವನ್ನು ಹಾಸಿಗೆಯ ಬಳಿಯಿರುವ ಶುಶ್ರೂಷಕರೇ ಬಹುಮಟ್ಟಿಗೆ ಮೊದಲು ಗಮನಿಸುತ್ತಾರೆ.

ಶ್ರೀಯುತರಿಗೆ 1941ರಲ್ಲಿ ಸರ್ ಪದವಿ ಲಭಿಸಿತು. ನಿವೃತ್ತಿಯ ನಂತರ ಜಮ್ಮು ಮತ್ತು ಕಾಶ್ಮೀರದಲ್ಲಿ ಸಂಶೋಧನೆ ಮುಂದುವರಿಸಿ, 1973ರಲ್ಲಿ ಶ್ರೀನಗರದಲ್ಲಿ ನಿಧನರಾದರು. ಇವರ ಸ್ಮರಣಾರ್ಥ 1983ರಲ್ಲಿ ಅಂಚೆಚೀಟಿ ಬಿಡುಗಡೆಯಾಯಿತು.

ಸಾರ್ವಜನಿಕರ ಗಮನಕ್ಕೆ

ಪರವಾನಗಿಗಾಗಿ ಅರ್ಜಿ ಸಲ್ಲಿಸುವವರು ನೋಂದಾಯಿತ ಫಾರ್ಮಸಿಸ್ಟರ ವಿವರ, ದಾಸ್ತಾನು ಸ್ಥಳದ ವಿವರಗಳನ್ನು ಒದಗಿಸಬೇಕಾಗಿರುವುದರ ಹಿಂದೆ ಈ ಇತಿಹಾಸವಿದೆ. ಔಷಧ ಖರೀದಿಸುವವರು ಬಿಲ್ಲನ್ನು ತಪ್ಪದೇ ಪಡೆದು, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ಪರಿಶೀಲಿಸತಕ್ಕದ್ದು. ಅಡ್ಡಪರಿಣಾಮ ಕಂಡುಬಂದಲ್ಲಿ ಕೂಡಲೇ ವೈದ್ಯರಿಗೆ ಅಥವಾ ಶುಶ್ರೂಷಕರಿಗೆ ತಿಳಿಸುವುದು.